ಚಾವಡಿಯಲ್ಲಿ ಕೇಳಿದ ಪ್ರಶ್ನೆ

ಕಾಪುವಿನಲ್ಲಿ ಬಾಡಿಗೆ ಕೋಣೆ ನೋಡಲು ಹೋದ ದಿನ, ಮನೆಯೊಡತಿ ಗಿರಿಜಕ್ಕ ನನ್ನ ಗಂಡನ ಹೆಸರು ಕೇಳಲಿಲ್ಲ, ಅಪ್ಪನದ್ದೂ ಕೇಳಲಿಲ್ಲ. "ನಿಮ್ಮ ಅಮ್ಮನದ್ದು ಬರಿ ಎಂತದು?" ಎಂದರು. ನಾನು ಪಿಳಿಪಿಳಿ ನೋಡಿದೆ. ಬರಿ ಎಂದರೆ ತಾಯಿಯಿಂದ ಮಕ್ಕಳಿಗೆ ಇಳಿದು ಬರುವ ಕುಲದ ಹೆಸರು. ಆ ಮನೆಯೂ ಹಾಗೆಯೇ ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಗಿರಿಜಕ್ಕನಿಗೆ ಬಂದದ್ದು. ಗದಗಿನ ನಮ್ಮ ಓಣಿಯಲ್ಲಿ ಹೆಣ್ಣಿನ ಹೆಸರಿಗೆ ಒಂದು ಮನೆಯೂ ಇಲ್ಲವಲ್ಲ! ಇದು ಹೆಂಗಸರ ರಾಜ್ಯವೇ ಸರಿ ಎಂದುಕೊಂಡೆ.

ನಲವತ್ತೇಳನೆಯ ವಯಸ್ಸಿನಲ್ಲಿ ತತ್ತ್ವಶಾಸ್ತ್ರದ ಪಿಎಚ್‌ಡಿಗೆಂದು ಮಣಿಪಾಲಕ್ಕೆ ಬಂದವಳು ನಾನು. "ಮಗಳ ಮದವಿ ಆತು, ಇನ್ನ ಆರಾಮ ಇರೂದು ಬಿಟ್ಟು ಇದೇನ ಹುಚ್ಚು?" ಎಂದಿದ್ದರು ಅತ್ತೆ. ನಮ್ಮ ಓಣಿಯವರೇ, ನಿಮ್ಮಲ್ಲೂ ಕೆಲವರು ಹಾಗೆಯೇ ಅಂದಿರಿ. ಇಲ್ಲಿ ಕುಚ್ಚಲಕ್ಕಿ ಗಂಜಿ ರೂಢಿಯಾಯಿತು. ನಾನು ರೊಟ್ಟಿ ಬಡಿಯುವ ಸಪ್ಪಳ ಪಕ್ಕದವರಿಗೂ ರೂಢಿಯಾಯಿತು. ಮಳೆಗಾಲದಲ್ಲಿ ಬಟ್ಟೆ ಒಣಗದಿರುವುದು ಮಾತ್ರ ಇನ್ನೂ ರೂಢಿಯಾಗಿಲ್ಲ.

ಶನಿವಾರ ಸಂಜೆ ಉಡುಪಿಯಲ್ಲಿ ಹಿರಿಯ ಪಂಡಿತರೊಬ್ಬರ ಮನೆಯಲ್ಲಿ ತರ್ಕದ ಪಾಠ. ಗಂಡಸರು ಚಾವಡಿಯಲ್ಲಿ, ಅಂದರೆ ನಮ್ಮ ಪಡಸಾಲೆಯಲ್ಲಿ. ಹೆಂಗಸರು ಒಳಕೋಣೆಯಲ್ಲಿ. ಸಂಶಯ ಬಂದರೆ ಬಾಗಿಲ ಬಳಿ ಕೂತ ಗಂಡಸರಿಗೆ ಹೇಳಬೇಕು, ನಮ್ಮ ಪರವಾಗಿ ಅವರು ಕೇಳುತ್ತಾರೆ. ಅದು ಅಲ್ಲಿಯ ಕ್ರಮ.

ಒಮ್ಮೆ ಹೊಗೆ-ಬೆಂಕಿಯ ಪಾಠ ನಡೆದಿತ್ತು. ಗುಡ್ಡದಲ್ಲಿ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆ. ಅಡುಗೆಮನೆಯೇ ಅದಕ್ಕೆ ಉದಾಹರಣೆ. ಎಷ್ಟೋ ಶತಮಾನದಿಂದ ಶಾಸ್ತ್ರದವರು ಅಡುಗೆಮನೆಯನ್ನು ಸಾಕ್ಷಿಗೆ ಕರೆದಿದ್ದಾರೆ, ಅಲ್ಲಿ ಒಲೆ ಊದುವವಳನ್ನು ಕರೆದಿಲ್ಲ. ಬಾಗಿಲ ಬಳಿಯ ಭಟ್ಟರಿಗೆ ಪಿಸುಗುಟ್ಟಿದೆ: ಒಲೆಗೆ ನೀರು ಹೊಯ್ದರೆ ಬೆಂಕಿ ಆರುತ್ತದೆ, ಹೊಗೆ ಉಳಿಯುತ್ತದೆ, ಆಗ? ಭಟ್ಟರು ಕೇಳಿದರು. "ಭೇಷ್ ಭಟ್ರೇ, ಒಳ್ಳೆ ಪ್ರಶ್ನೆ! ಬರುವ ವಾರ ಉತ್ತರ ಹೇಳುತ್ತೇನೆ" ಎಂದರು ಪಂಡಿತರು. ಭಟ್ಟರು ನಕ್ಕು ಹೊಗಳಿಕೆಯನ್ನು ತಾವೇ ಇಟ್ಟುಕೊಂಡರು.

ಮನೆಗೆ ಬಂದು ಹೇಳಿದರೆ, ಮೀನು ಮಾರಿ ಬಂದು ಕಾಲು ತೊಳೆಯುತ್ತಿದ್ದ ಗಿರಿಜಕ್ಕ ಉರಿದುಬಿದ್ದರು. "ಮೀನು ನಿಮ್ಮದು, ವ್ಯಾಪಾರ ಅವರದ್ದಾ? ನಿಮಗೆ ಬಾಯಿ ಇಲ್ವಾ ಮಾರಾಯ್ರೆ?"

"ನಿಮ್ಮ ಮನ್ಯಾಗ ಮಾತು ಯಾರದು ಅಕ್ಕಾ?"

"ಮನೆ ನನ್ನದು. ಯಜಮಾನಿಕೆ ಅಣ್ಣನದ್ದು." ತಂಬಿಗೆ ಕೆಳಗಿಟ್ಟು, "ಅದು ಬೇರೆ ಕಥೆ. ಪ್ರಶ್ನೆ ನೀವೇ ಬಾಯಿ ಬಿಟ್ಟು ಕೇಳಿ" ಎಂದರು.

ಮುಂದಿನ ಶನಿವಾರ ಪಂಡಿತರು "ಭಟ್ಟರ ಪ್ರಶ್ನೆ..." ಎಂದು ಶುರುಮಾಡುತ್ತಿದ್ದಂತೆ ಎದ್ದು ಚಾವಡಿಗೆ ಬಂದೆ.

"ಆ ಪ್ರಶ್ನೆ ನಂದ್ರಿ."

"ಘಟ್ಟದ ಮೇಲಿನವರಿಗೆ ಇಲ್ಲಿಯ ಕ್ರಮ ಗೊತ್ತಿಲ್ಲ, ಅಲ್ವಾ?" ಎಂದು ಯಾರೋ ನಕ್ಕರು. ಪಂಡಿತರು ಭಟ್ಟರನ್ನು ನೋಡಿದರು. "ಹೌದು, ಅವರದ್ದೇ" ಎಂದರು ಭಟ್ಟರು, ತಲೆ ತಗ್ಗಿಸಿ.

ಪಂಡಿತರು ಉತ್ತರ ಹೇಳಿದರು, ಭಟ್ಟರ ಮುಖ ನೋಡಿಕೊಂಡೇ. "ಬುಡದಿಂದ ಎಡೆಬಿಡದೆ ಏಳುವ ಹೊಗೆ ಉಂಟಲ್ಲ, ಅದಕ್ಕೆ ಮಾತ್ರ ಈ ನಿಯಮ."

"ಈ ಕಡೆ ನೋಡಿ ಹೇಳ್ರಿ" ಎಂದೆ. "ದೂರದ ಗುಡ್ಡದ ಬುಡ ನಮಗ ಕಾಣೂದಿಲ್ಲ. ಹೊಗಿ ಬುಡದಿಂದ ಎದ್ದದೋ ಇಲ್ಲೋ ಅಂತ ಹೆಂಗ ತಿಳೀಬೇಕ್ರಿ?"

ಪಂಡಿತರು ತಿರುಗಿದರು. "ಕೂತುಕೊಳ್ಳಿ, ಇದು ಸ್ವಲ್ಪ ಉದ್ದ ಉಂಟು" ಎಂದರು. ಚಾವಡಿಯಲ್ಲೇ ಕೂತೆ.

ಊರಿಗೆ ಬಂದರೆ ನೀವು "ಕಡಲ ಕಡೆಯಾಕಿ ಬಂದ್ಲು" ಎಂದು ನಗುತ್ತೀರಿ. ಇಲ್ಲಿ ನಾನು ಘಟ್ಟದವಳು. ಅಲ್ಲಿದ್ದರೆ ಕಡಲಿನ ಗಾಳಿ ಬೇಕೆನಿಸುತ್ತದೆ, ಇಲ್ಲಿದ್ದರೆ ಒಣಬಿಸಿಲು. ಇರಲಿ. ಒಳಗೆ ಹೋಗಿ ಕೂರು ಎಂದರೆ ಮಾತ್ರ ಎರಡೂ ಊರಿನವರಿಗೆ ನನ್ನ ಉತ್ತರ ಒಂದೇ.