ಬೋಲ್ಟು ಕೂರುವ ಜಾಗ

ನಮ್ಮ ಊಟದ ಮೇಜಿನ ಮೇಲೆ ಉಪ್ಪಿನಕಾಯಿ ಜಾಡಿಯ ಪಕ್ಕದಲ್ಲೇ ಒಂದು ಕಾರಿನ ಚಕ್ರ ಹಾಯಾಗಿ ಮಲಗಿತ್ತು ಎಂದರೆ ನೀವು ನಂಬಲಿಕ್ಕಿಲ್ಲ. ನಾವು ಬಂದು ನೆಲೆಸಿದ ಈ ಪರದೇಶದ ಹಿಲ್ಸ್‌ಬರೋದ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ಮಗಳು ಸನಾಳ ಹಳೆಯ ಕಾರಿನ ಕಬ್ಬಿಣದ ಚಕ್ರಗಳನ್ನು ತಿಂದುಹಾಕಿತ್ತು. ಅವಳಿಗೆ ಮಾರಿಸ್‌ಟೌನ್‌ನಲ್ಲಿ ಕೆಲಸ ಸಿಕ್ಕಿದ್ದೇ ತಡ, ನನ್ನ ಯಜಮಾನರು ನನ್ನನ್ನೇ ಡ್ರೈವರ್ ಮಾಡಿಕೊಂಡು ಫ್ಲೋರಲ್ ಪಾರ್ಕ್‌ಗೆ ಹೋಗಿ, ಯಾರೋ ಬಳಸಿ ಬಿಟ್ಟ, ತುಕ್ಕು ಹಿಡಿಯದ ಅಲಾಯ್ ವೀಲ್‌ಗಳನ್ನು ಹೊಸ ಸೊಸೆಯನ್ನು ಕರೆತರುವ ಸಡಗರದಲ್ಲಿ ಮನೆ ತುಂಬಿಸಿಕೊಂಡಿದ್ದರು.

ಅವರಿಗೆ ಸ್ನಾಯು ಸೊರಗುವ ಕಾಯಿಲೆ. ಆ ಹೊತ್ತಿಗಾಗಲೇ ಅವರ ಅಂಗಿಯ ಗುಂಡಿಗಳನ್ನು ನಾನು ಹಾಕುತ್ತಿದ್ದೆ. ಮಗಳ ಕಾರಿಗೆ ಈ ಚಕ್ರಗಳನ್ನು ತಮ್ಮ ಕೈಯಾರೆ ಕೂರಿಸಬೇಕು, ಆಮೇಲೆ ಕೈಗೆ ಏನಾದರೂ ಆಗಲಿ ಎಂಬುದು ಅವರ ಹಟ. ಗ್ಯಾರೇಜಿಗೆ ಕೊಡೋಣ ಎಂದ ನನಗೆ ಸಿಕ್ಕಿದ್ದು ಬರೀ ಒಂದು ನೋಟ.

ಆದರೆ ಹಳೆಯ ಬೋಲ್ಟುಗಳು ಈ ಚಕ್ರಕ್ಕೆ ಆಗಿಬರುವುದಿಲ್ಲವಂತೆ. ಮನೆಮಾತು ಉರ್ದುವಾದರೂ ಜಗಳಕ್ಕೆ ನಾವು ಮೈಸೂರಿನ ಕನ್ನಡವನ್ನೇ ಹಿಡಿಯುವವರು.

"ಒಳಗೆ ಹೋಗ್ತಾ ಇದೆಯಲ್ರೀ, ಹಾಕಿ ಮುಗಿಸಿ."

"ಹೋದ್ರೆ ಸಾಲ್ದು ಕಣೇ, ಕೂರಬೇಕು. ಈ ಬೋಲ್ಟಿನ ಕತ್ತು ಗುಂಡಗಿದೆ, ಚಕ್ರದ ತೂತು ಆಲಿಕೆ ಥರ ಇಳಿಜಾರು. ಈಗ ಬಿಗಿ ಅನ್ಸುತ್ತೆ, ಓಡ್ತಾ ಓಡ್ತಾ ಸಡಿಲ ಆಗುತ್ತೆ."

ಅವರು ತರಿಸಲು ಹೇಳಿದ ಸರಿಯಾದ ಬೋಲ್ಟುಗಳು ಬರುವವರೆಗೆ ನಾನು ಆ ಮಾತನ್ನೇ ಮೆಲುಕು ಹಾಕುತ್ತಿದ್ದೆ. ಈ ದೇಶದೊಳಕ್ಕೆ ನಾವೂ ಸಲೀಸಾಗಿಯೇ ಬಂದವರು; ಸರಿಯಾಗಿ ಕೂತೆವೋ ಇಲ್ಲವೋ ಎಂಬುದು ಇಷ್ಟು ವರ್ಷ ಓಡಿದ ಮೇಲೂ ನನಗೆ ತಿಳಿದಿಲ್ಲ. ಆದರೆ ಇಂಥ ವೇದಾಂತದಿಂದ ಯಾರ ಕೈಗೂ ಬಲ ಬರುವುದಿಲ್ಲ. ಬೋಲ್ಟು ಬರುವುದರೊಳಗೆ ಅವರ ಕೈಯೇ ಸೋತುಬಿಟ್ಟರೆ ಎಂದು ನನಗೆ ದಿನವೂ ಹೆದರಿಕೆಯಾಗುತ್ತಿತ್ತು.

ಅಂತೂ ಬಂದವು. ಭಾನುವಾರ ಸನಾ ಜ್ಯಾಕ್ ಹಾಕಿ ಚಕ್ರ ಎತ್ತಿ ಹಿಡಿದಳು. ಅವರು ಡ್ರೈವ್‌ವೇಯಲ್ಲಿ ಮಣೆಯ ಮೇಲೆ ಕುಳಿತು ಒಂದೊಂದೇ ಬೋಲ್ಟು ಬಿಗಿದರು. ಪ್ರತಿ ಬೋಲ್ಟಿಗೂ ಎರಡೂ ಕೈಯಲ್ಲಿ ಸ್ಪ್ಯಾನರಿಗೆ ಜೋತುಬಿದ್ದು, ಸುಧಾರಿಸಿಕೊಂಡು ಮುಂದಿನದಕ್ಕೆ ಹೋಗುತ್ತಿದ್ದರು. ಮುಗಿದಾಗ, "ಆಯ್ತು ಬೇಟಾ, ಇನ್ನು ನಿಶ್ಚಿಂತೆಯಿಂದ ಡ್ರೈವ್ ಮಾಡು," ಎಂದರು.

"ಥ್ಯಾಂಕ್ಸ್, ಅಬ್ಬಾ. ದೇ ಲುಕ್ ಗ್ರೇಟ್," ಎಂದಳು ಮಗಳು. ಅಳು ತಡೆಯಲಾಗದೆ ನಾನು ಚಹಾದ ನೆಪ ಹೇಳಿ ಒಳಗೆ ಹೋದೆ.

ಮರುದಿನ ಬೆಳಿಗ್ಗೆ, ಅಪ್ಪ ಇನ್ನೂ ಎದ್ದಿಲ್ಲವೆಂದುಕೊಂಡು, ಸನಾ ಸ್ಪ್ಯಾನರ್ ಹಿಡಿದು ಕಾರಿನ ಪಕ್ಕ ಬಗ್ಗಿದ್ದಳು. ಅಪ್ಪನ ಕೈಬಲ ಸಾಲದೆ ಬೋಲ್ಟುಗಳೆಲ್ಲ ಬೆರಳಲ್ಲೇ ತಿರುಗುವಷ್ಟು ಸಡಿಲವಾಗಿದ್ದವು.

"ಅಮ್ಮಿ, ಪ್ಲೀಸ್ ಡೋಂಟ್ ಟೆಲ್ ಅಬ್ಬಾ," ಎಂದಳು. ತಲೆಯಾಡಿಸಿ ಒಳಗೆ ಬಂದೆ.

ಅವರು ಕಿಟಕಿಯ ಪರದೆಯ ಮರೆಯಲ್ಲಿ ನಿಂತಿದ್ದರು. ಏನು ಸುಳ್ಳು ಹೇಳಲಿ ಎಂದು ತಡಕಾಡುತ್ತಿದ್ದ ನನ್ನನ್ನು ಕಣ್ಣಲ್ಲೇ ಸುಮ್ಮನಾಗಿಸಿ, ಮೆಲ್ಲಗೆ ಹೇಳಿದರು:

"ಒಂದು ಬಿಗಿದ ಮೇಲೆ ಪಕ್ಕದ್ದಕ್ಕೆ ಹೋಗಬಾರದು, ಎದುರಿನದಕ್ಕೆ ಹೋಗ್ಬೇಕು. ಅವಳು ಹಾಗೆ ಮಾಡ್ತಿದ್ದಾಳೋ ಇಲ್ವೋ, ಇಲ್ಲಿಂದ ನಂಗೆ ಸರಿಯಾಗಿ ಕಾಣ್ತಿಲ್ಲ. ಹೋಗಿ ಹೇಳ್ಕೊಡು. ನಾನು ಹೇಳ್ದೆ ಅನ್ಬೇಡ."