ಚಳಿಗಾಲಕ್ಕೆ ಮುಂದೂಡಿದ ಮುಂಜಿ

ಆಗಿನ ಕಾಲವೇ ಬೇರೆ ಎಂದು ಬರೆಯಲು ನನಗೆ ಭಯ. ಹಾಗೆ ಬರೆದ ಕೂಡಲೇ ನೆನಪು ತನ್ನ ಮೇಲೆ ತಾನೇ ಬೆಲ್ಲ ಸುರಿದುಕೊಳ್ಳುತ್ತದೆ. ಆದರೂ ತೊಂಬತ್ತರ ದಶಕದ ಬೈಲಹೊಂಗಲ ಎಂದರೆ ಮೊದಲು ಕಣ್ಣಿಗೆ ಬರುವುದು ಸುಖವೇ: ಪಡಸಾಲೆ ತುಂಬ ಹತ್ತಿ. ನಾವು ಪಿಂಜಾರರು, ಗಾದಿ ಹೊಲಿಯುವವರು. ಶಾಲೆ ಬಿಟ್ಟು ಬಂದು ಆ ರಾಶಿಯಲ್ಲಿ ಕುತ್ತಿಗೆಯವರೆಗೆ ಹೂತುಕೊಂಡು ಕೂರುವುದು ನನ್ನ ಆಟ. ಮೂಗಿನ ತುಂಬ ಧೂಳು, ಹತ್ತಿಕಾಳಿನ ಎಣ್ಣೆವಾಸನೆ.

"ಏ ಹುಡುಗಿ, ನಿನ್ನೂ ಸೇರಿಸಿ ಹೊಲದ ಬಿಟ್ಟೇನು! ತಗೊಂಡ ಹೋದವ್ರು ಗಾದಿ ಕೆಮ್ಮತೈತಿ ಅಂತ ತಿರುಗಿ ತರ್ತಾರ" ಎಂದು ಅಪ್ಪ ನಗಿಸುತ್ತಿದ್ದ. ಅಪ್ಪ ಒಳ್ಳೆಯವನು. ಇದನ್ನು ಮೊದಲೇ ಹೇಳಿಬಿಡಬೇಕು.

ಆ ವರ್ಷ ನನಗೆ ತಮ್ಮ ಹುಟ್ಟಿದ. ದಾವಲ ಎಂದು ಹೆಸರಿಟ್ಟರು. ತೊಟ್ಟಿಲಲ್ಲಿ ಇದ್ದಾಗಲೇ ಅವನ ಮುಂಜಿಯ ಮಾತು ಎದ್ದಿತು. ಸುನ್ನತಿಗೆ ನಮ್ಮ ಕಡೆ ಮುಂಜಿ ಎನ್ನುತ್ತಾರೆ. ಅವ್ವ ಬೇಡವೆಂದಳು. ಸುರೇಬಾನದ ಅವಳ ತವರಿನಲ್ಲಿ ಅವಳ ತಮ್ಮ ಮುಂಜಿಯಾದ ದಿನವೇ ರಕ್ತ ನಿಲ್ಲದೆ ಸತ್ತಿದ್ದ. ಆ ಸಾವಿಗೆ ಎರಡೂ ಮನೆಯವರು ಒಪ್ಪಿಕೊಂಡಿದ್ದ ಕಾರಣ ಒಂದೇ: ಬೇಸಿಗೆಯಲ್ಲಿ ಮಾಡಿದ್ದು ತಪ್ಪಾಯಿತು. ಬಿಸಿಲಿಗೆ ರಕ್ತ ತೆಳ್ಳಗಾಗುತ್ತದೆ, ಚಳಿಗೆ ಹೆಪ್ಪುಗಟ್ಟುತ್ತದೆ. ಗಡಿಗೆಯ ತುಪ್ಪವನ್ನು ನೋಡಿದವರು ಇದನ್ನು ಅನುಮಾನಿಸುವುದಾದರೂ ಹೇಗೆ?

ಹೀಗಾಗಿ ಚಳಿಗಾಲಕ್ಕೆ ಮುಂದೂಡಿದರು. ಅವ್ವ ಗೆದ್ದಳು ಎಂದುಕೊಂಡೆ.

ನಡುವೆ ದಾವಲನ ತೊಡೆಗೆ ಲಸಿಕೆಯ ಸೂಜಿ ಚುಚ್ಚಿಸಿದರು. ಆ ಜಾಗ ನೀಲಿಗಟ್ಟಿ ನಿಂಬೆಹಣ್ಣಿನಷ್ಟು ಉಬ್ಬಿತು. ಅಪ್ಪನ ತಾಯಿ, ನಮ್ಮ ಆಯಿ, ಯಾರದೋ ದೃಷ್ಟಿ ತಾಗಿದೆ ಎಂದು ಬಟ್ಟೆ ಕಾಸಿ ಶಾಖ ಕೊಟ್ಟಳು.

"ಅತ್ತಿ, ನನ್ನ ತಮ್ಮಗೂ ಹಿಂಗ ಆಗ್ತಿತ್ರಿ. ಬಿದ್ದಲ್ಲೆಲ್ಲಾ ನೀಲಿ" ಎಂದಳು ಅವ್ವ.

"ಗಂಡ್ಸು ಹುಟ್ಟಿದ ಮನ್ಯಾಗ ಇಷ್ಟ ಅಂಜಿದ್ರ ಹೆಂಗವಾ?"

ಅವ್ವ ಅಪ್ಪನ ಕಡೆ ತಿರುಗಿದಳು. "ರೀ, ಬ್ಯಾಡ್ರಿ. ದೊಡ್ಡಾಂವ ಆಗ್ಲಿ. ಅವನ ಮೈ, ಅವನ ಹೇಳ್ಲಿ."

"ಕೂಸಿನ್ನ ಯಾರರ ಕೇಳ್ತಾರೇನ? ಹೆಸರ ಇಡೂವಾಗ ಕೇಳಿದ್ವೇನು?"

"ಹೆಸರ ಇಟ್ರ ರಕ್ತ ಬರೂದಿಲ್ರಿ."

ಆಯಿ ಬಿಡಲಿಲ್ಲ. "ನಾಳೆ ಇವಗ ಹೆಣ್ಣ ಯಾರ ಕೊಡ್ತಾರ? ನಮ್ಮ ಮಂದ್ಯಾಗ ಯಾವ ಮುಖಾ ಇಟಗೊಂಡ ಕುಂಡ್ರತಾನ?"

ಅವ್ವ ನನ್ನ ಕೈ ಹಿಡಿದುಕೊಂಡು ಮಸೂತಿಯ ಹಿರಿಯರ ಬಳಿಗೂ ಹೋದಳು. ಅವರು ತಾಳ್ಮೆಯಿಂದ ಕೇಳಿಸಿಕೊಂಡು, "ಜೀವಕ್ಕ ಅಪಾಯ ಐತಿ ಅಂದ್ರ ಕಡ್ಡಾಯ ಅಲ್ಲವಾ. ಮೊದಲ ಡಾಕ್ಟರಿಗೆ ತೋರಸ್ರಿ" ಎಂದರು. ಅವ್ವ ಓಡುತ್ತಲೇ ಮನೆಗೆ ಬಂದು ಅದನ್ನು ಹೇಳಿದಳು. ಅಪ್ಪನ ಮುಖ ಅರಳಿತು.

"ಖರೇ ಐತಿ. ಅಪಾಯ ಇದ್ದಿದ್ದು ಬ್ಯಾಸಗ್ಯಾಗ. ಈಗ ಚಳಿ ಬಂತಲ್ಲ!"

ಆ ದಿನ ಇಬ್ಬನಿ ಬಿದ್ದಿತ್ತೆಂದು ನನ್ನ ನೆನಪು. ಬಿಸಿಲು ಚುರುಗುಟ್ಟುತ್ತಿತ್ತು ಎನ್ನುತ್ತಾಳೆ ಸೋದರತ್ತೆ. ಅವ್ವ ಬಾಗಿಲಿಗೆ ಅಡ್ಡ ನಿಂತಿದ್ದಳೇ, ಆಮೇಲೆ ನಾನೇ ಅವಳನ್ನು ಅಲ್ಲಿ ನಿಲ್ಲಿಸಿದೆನೇ, ತಿಳಿಯದು. ಬೆಲ್ಲ, ತುಪ್ಪ ಹಾಕಿ ಚಪಾತಿ ಪುಡಿಮಾಡಿದ ಮಲೀದಾದ ವಾಸನೆ ಮಾತ್ರ ಸುಳ್ಳಲ್ಲ. ಮುಂಜಿ ಮಾಡಲು ಬಂದಿದ್ದ ಹಜಾಮ ಕಾಕಾ, "ಶುರು ಮಾಡ್ಲೇನ್ರಿ?" ಎಂದದ್ದೂ ಸುಳ್ಳಲ್ಲ.

"ಬ್ಯಾಡ್ರಿ ಕಾಕಾ. ನಿಮ್ಮ ಕಾಲ ಬೀಳ್ತೇನಿ, ಬ್ಯಾಡ್ರಿ" ಎಂದಳು ಅವ್ವ.

ಕಾಕಾ ಅಪ್ಪನ ಮುಖ ನೋಡಿದರು. ಅಪ್ಪ ಹೂಂ ಎಂದು ತಲೆಯಾಡಿಸಿದ.

ರಕ್ತ ನಿಲ್ಲಲಿಲ್ಲ. ಬೂದಿ ಒತ್ತಿದರು, ಕಾಫಿಪುಡಿ ಒತ್ತಿದರು. ಅಪ್ಪ ಪಡಸಾಲೆಗೆ ಓಡಿ ಎರಡೂ ತೋಳು ತುಂಬ ಹತ್ತಿ ತಂದ. ಮತ್ತೆ ಓಡಿದ, ಮತ್ತೆ ತಂದ. ಮನೆ ತುಂಬ ಹತ್ತಿಯಿತ್ತು, ಸಾಲಲಿಲ್ಲ. ಜೀಪು ಮಾಡಿಕೊಂಡು ಬೆಳಗಾವಿಯ ಹಾದಿ ಹಿಡಿದರು. ದಾರಿಯಲ್ಲೇ ದಾವಲ ತೀರಿಕೊಂಡ.

ಮಣ್ಣು ಮಾಡಿ ಬಂದವರ ಎದುರು ಆಯಿ ಗೋಡೆಗೆ ತಲೆ ಬಡಿದುಕೊಂಡು ಅಳುತ್ತಿದ್ದಳು: "ಈ ಸಲ ಚಳೀನ ಬೀಳಲಿಲ್ಲವಾ, ಚಳೀನ ಬೀಳಲಿಲ್ಲ!"

ರಕ್ತ ಹೆಪ್ಪುಗಟ್ಟದ ಆ ಕಾಯಿಲೆಗೆ ಕುಸುಮರೋಗ ಎನ್ನುತ್ತಾರೆ, ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಇಳಿಯುತ್ತದೆ ಎಂದು ನನಗೆ ಗೊತ್ತಾದದ್ದು ಮದುವೆಯಾಗಿ ಮಗ ಹುಟ್ಟಿದ ಮೇಲೆ. ಬೆಳಗಾವಿಯಲ್ಲಿ ಅವನ ರಕ್ತ ಪರೀಕ್ಷೆ ಮಾಡಿಸಿದೆವು. ಅವನಿಗೂ ಇತ್ತು. ಗಂಡನ ಮನೆಯಲ್ಲಿ ಮುಂಜಿಯ ಮಾತು ಎದ್ದಾಗ, ಒಂದು ಮಾತಿನ ಬಲವಾದರೂ ಸಿಕ್ಕೀತೆಂದು ತವರಿಗೆ ಓಡಿ ಬಂದು ಅವ್ವನನ್ನು ಕೇಳಿದೆ. "ನಿಮ್ಮ ಮನ್ಯಾವರು ಹೆಂಗ ಅಂತಾರ ಹಂಗ" ಎಂದಳು. ಕೊನೆಗೆ ಎಲ್ಲರೆದುರು ಬೇಡ ಎಂದವಳು ನಾನೊಬ್ಬಳೇ. ಮಗ ಬೆಳೆಯುತ್ತಿದ್ದಾನೆ, ಮುಂದಿನದನ್ನು ಅವನೇ ಹೇಳಲಿ.

ಹತ್ತಿ ಹಿಂಜುವ ಪಿಂಜಣಿಯ ಸದ್ದು ಊರಿಂದ ಹೋಯಿತು, ಫೋಮಿನ ಗಾದಿ ಬಂತು ಎಂದು ಕೊರಗುವವರು ಕೊರಗಲಿ. ಆ ಚಳಿಗಾಲದ ತನಕ ಅವ್ವನಿಗೆ ಬೇಡ ಎನ್ನಲು ಬರುತ್ತಿತ್ತು. ಆಮೇಲೆ ಅವಳ ಬಾಯಲ್ಲಿ ಅದನ್ನು ನಾನು ಕೇಳಿಲ್ಲ, ಊಟದ ತಾಟಿನ ಮುಂದೆ ಕೂಡ. ಕಳೆದ ಹಬ್ಬದಲ್ಲಿ ಬೇಕಂತಲೇ ಬಡಿಸುತ್ತ ಹೋದೆ. ಅನ್ನ ತಾಟಿನ ಅಂಚು ಮೀರಿ ನೆಲಕ್ಕೆ ಉದುರಿತು.

"ಯವ್ವಾ, ಸಾಕ ಅನ್ನಬೇ. ಬ್ಯಾಡ ಅಂತ ಒಂದ ಸಲ ಅನ್ನಬೇ."

ಅವ್ವ ನೆಲದ ಅಗುಳನ್ನು ಆರಿಸಿ ತಾಟಿಗೆ ಹಾಕಿಕೊಂಡು, ಉಣ್ಣತೊಡಗಿದಳು.