ಬಹುಮಾನಕ್ಕೆ ಬಂದ ಭೀಮ

"ಹೆಂಡ್ತಿ ಬಹುಮಾನ ಗಂಡನ ಕೈಗೆ ಕೊಡೋಕಾಗಲ್ಲ ಯಜಮಾನ್ರೇ, ಅವ್ರನ್ನೇ ಕಳಿಸಿ!" ಎಂದು ಮುಖ್ಯ ಅತಿಥಿಗಳು ಶಾಲನ್ನು ಹಿಂದಕ್ಕೆ ಎಳೆದುಕೊಂಡುಬಿಟ್ಟರು. ಅವರೆದುರು ಗದೆ ಹಿಡಿದು ನಿಂತಿದ್ದವನು ಭೀಮ. ಗಿರಿಜಾ ಮೀಸೆ, ಭುಜಕೀರ್ತಿ, ಬೆವರಿಗೆ ಇಳಿಯುತ್ತಿದ್ದ ಬಣ್ಣ.

ಕೋಲಾರದ ಆ ಕಲಾ ಸ್ಪರ್ಧೆಯಲ್ಲಿ ಗಾಯನಕ್ಕೂ ನೃತ್ಯಕ್ಕೂ ಮೊದಲ ಬಹುಮಾನ ಸುಗಟೂರಿನ ಮುನಿರತ್ನಮ್ಮನವರಿಗೇ ಬಂದಿತ್ತು. ಎರಡು ಸಲವೂ ಅವರು ಹಸಿರು ಸೀರೆಯುಟ್ಟು, ತಲೆ ತಗ್ಗಿಸಿಕೊಂಡು ಬಂದು ಶಾಲು ಹೊದಿಸಿಕೊಂಡು ಹೋಗಿದ್ದರು. ಸಂಜೆ ನಾಟಕ ಮುಗಿದ ಕೂಡಲೇ ಅಭಿನಯಕ್ಕೂ ಅದೇ ಹೆಸರು ಕೂಗಿದರೆ, ವೇದಿಕೆಗೆ ಬಂದದ್ದು ಈ ಭೀಮ!

ಅಷ್ಟರಲ್ಲಿ ನಾನೂ ಮಗಳೂ ಕೂತಿದ್ದ ಸಾಲಿನ ಹಿಂದಿನಿಂದ ಒಬ್ಬರು ಕುರ್ಚಿ ಹತ್ತಿ ನಿಂತು ಕೂಗಿದರು: "ಸಾರ್, ಗಂಡ ನಾನಿಲ್ಲಿದ್ದೀನಿ! ಆ ಭೀಮನೇ ನನ್ ಹೆಂಡ್ತಿ!"

ಸಭೆ ಗೊಳ್ಳೆಂದು ನಕ್ಕಿತು. ಅತಿಥಿಗಳಿಗೆ ಮಾತ್ರ ಇನ್ನೂ ನಂಬಿಕೆ ಬರಲಿಲ್ಲ. ಮುನಿರತ್ನಮ್ಮ ಗದೆಯನ್ನು ಅವರ ಕೈಗೇ ಕೊಟ್ಟು, ಬೆಳಗ್ಗೆ ಹಾಡಿದ್ದ ಸೋಬಾನೆ ಪದವನ್ನೇ ಮತ್ತೆ ಎತ್ತಿಕೊಂಡರು. ಆ ಮೀಸೆಯ ಕೆಳಗಿಂದ ಆ ಸಣ್ಣ ದನಿ ಬಂದಾಗ ಇಡೀ ರಂಗಮಂದಿರ ಎದ್ದು ನಿಂತಿತು. ಶಿಳ್ಳೆ ಹೊಡೆದವರಲ್ಲಿ ನಾನೂ ಒಬ್ಬಳು!

ಸಂಗೀತ, ಭರತನಾಟ್ಯ ಎರಡನ್ನೂ ಕಲಿಯುತ್ತಿದ್ದ ಮಗಳನ್ನು ಒಂದನ್ನಾದರೂ ಬಿಡು ಅಂತ ನಾನು ದಿನಾ ಕಾಡುತ್ತಿದ್ದೆ. ಮನೆಗೆ ವಾಪಸಾಗುವಾಗ ಶ್ರೀನಿವಾಸಪುರದ ಬಸ್ಸಿನಲ್ಲಿ ಅವಳೇ ಕೇಳಿದಳು, "ಅಮ್ಮಾ, ಯಾವ್ದು ಬಿಡ್ಲಿ?" ನಾನು ಅವಳನ್ನೇ ಕೇಳಿದೆ, "ನಾಟಕಕ್ಕೂ ಸೇರ್ತೀಯೇನೇ?"